ಸರ್ಕಾರದ ಸಹಾಯಧನವು ಯಾರ ಕೈ ಸೇರುತ್ತದೆ?



ಮಂಡ್ಯ ಜಿಲ್ಲೆಯೆಂದ ಕೂಡಲೆ ನಮ್ಮ ಕಣ್ಣಿಗೆ ಕಟ್ಟುವುದು ವಿಶ್ವೇಶ್ವರಯ್ಯ ನಾಲೆ, ಕಬ್ಬಿನ ಗದ್ದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸೀಮೆಯಾದರೋ ಬಹುಮಟ್ಟಿಗೆ ಮಳೆಯನ್ನು ನಂಬಿದ್ದು. ಅಲ್ಲಿಯ ಬೆಳೆ ರಾಗಿ, ಹುರುಳಿ, ತೆಂಗು. ಇಂತಹ ಕಡೆಯ ಬೇಸಾಯಗಾರನಿಗೆ ಸರ್ಕಾರದಿಂದ ಬರುವ ಹಣ ಅಲ್ಪವಾದರೂ ಬೆಲೆಯುಳ್ಳದ್ದು. ಆ ಹಣ ಯಾರ ಕೈ ಸೇರುತ್ತದೆಂಬುದನ್ನು ಈ ಹೊತ್ತು ವಿಚಾರಮಾಡೋಣ.

ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು 2019ರ ಫೆಬ್ರವರಿಯಲ್ಲಿ ಆರಂಭವಾಯಿತು. ವರ್ಷಕ್ಕೆ 6,000 ರೂಪಾಯಿ. ಮೂರು ಕಂತುಗಳಲ್ಲಿ ನೇರವಾಗಿ ಬ್ಯಾಂಕಿನ ಖಾತೆಗೆ. ಮೊದಲು ಎರಡು ಹೆಕ್ಟೇರಿನೊಳಗಿನ ಹಿಡುವಳಿದಾರರಿಗೆ ಮಾತ್ರವೆಂದಿದ್ದ ಮಿತಿಯನ್ನು ಅದೇ ವರ್ಷ ತೆಗೆದುಹಾಕಿದರು. ಆದಾಯ ತೆರಿಗೆ ತೆರುವವರು, ಕೆಳದರ್ಜೆಯವರನ್ನುಳಿದು ಸರ್ಕಾರಿ ನೌಕರರು, ವೃತ್ತಿಯಲ್ಲಿರುವ ವೈದ್ಯರು, ವಕೀಲರು ಮೊದಲಾದವರಿಗೆ ಇದು ಸಲ್ಲದು. ರಾಜ್ಯವೂ 2019ರಿಂದ ಇದಕ್ಕೆ 4,000 ರೂಪಾಯಿ ಕೂಡಿಸುತ್ತಿತ್ತು. 2023ರಲ್ಲಿ ಅದು ನಿಂತಿತು. ಇಷ್ಟೆಲ್ಲ ನಿಯಮಗಳ ಬುಡದಲ್ಲಿರುವ ನಿಯಮ ಒಂದೇ: ಭೂಮಿಯ ದಾಖಲೆಯಲ್ಲಿ ಹೆಸರಿರಬೇಕು. ಅರ್ಧ ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಅಷ್ಟೇ ಹಣ. ಹೆಸರಿಲ್ಲದವನಿಗೆ ಏನೂ ಇಲ್ಲ.

ಹೆಸರಿಲ್ಲದವರು ಯಾರು? ಹೊಲವನ್ನು ವಾರಕ್ಕೋ ಗುತ್ತಿಗೆಗೋ ಮಾಡುವವನು ಒಬ್ಬ. ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಪಹಣಿ ಉಳಿದು, ಪೌತಿ ಖಾತೆಯಾಗದೆ ಅಲೆಯುವ ಮೊಮ್ಮಗ ಮತ್ತೊಬ್ಬ. ಕಳೆ ಕಿತ್ತು, ಕೊಯ್ಲು ಮಾಡುವ ಹೆಣ್ಣುಮಕ್ಕಳಂತೂ ಬಹುಮಂದಿ. 2015-16ರ ಕೃಷಿ ಗಣತಿಯಂತೆ ಇಡೀ ದೇಶದಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು ನೂರಕ್ಕೆ ಸುಮಾರು ಹದಿನಾಲ್ಕು ಮಾತ್ರ.

ವಾರದಾರನ ಕಥೆ ಇವುಗಳಲ್ಲಿ ವಿಚಿತ್ರವಾದುದು. ದೇವರಾಜ ಅರಸರ ಕಾಲದ ಭೂಸುಧಾರಣೆಯು ಗೇಣಿಪದ್ಧತಿಯನ್ನು 1974ರ ಮಾರ್ಚಿಯಿಂದ ರದ್ದುಮಾಡಿತು. ಉಳುವವನಿಗೆ ಭೂಮಿ ದೊರೆಯಲೆಂಬುದೇ ಅದರ ಉದ್ದೇಶ. ಅದರಿಂದ ಅಸಂಖ್ಯ ಗೇಣಿದಾರರು ಒಡೆಯರಾದರು. ಆದರೆ ಗೇಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದ ಬರೆದುಕೊಟ್ಟರೆ ಭೂಮಿ ಕೈತಪ್ಪೀತೆಂದು ಒಡೆಯನಿಗೆ ಭಯ. ಕೇಳಿದರೆ ಹೊಲ ಬಿಡಿಸಿಯಾರೆಂದು ಉಳುವವನಿಗೆ ಭಯ. ಅಂದು ಉಳುವವನನ್ನು ಕಾಯಲು ಕಟ್ಟಿದ ಗೋಡೆಯೇ ಇಂದು ಅವನನ್ನು ಹೊರಗಿರಿಸಿದೆ.

ಇದರ ಕಷ್ಟ ತಿಳಿಯುವುದು ಬರಗಾಲದಲ್ಲಿ. 2023ರಲ್ಲಿ ನಮ್ಮ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಮಳೆಯಾಶ್ರಿತ ಬೆಳೆನಷ್ಟಕ್ಕೆ ಹೆಕ್ಟೇರಿಗೆ 8,500 ರೂಪಾಯಿ ಗೊತ್ತಾದ ದರ. ಬಿತ್ತನೆಗೆ ಸಾಲಮಾಡಿದವನು ವಾರದಾರ, ಒಣಗಿದ್ದು ಅವನ ರಾಗಿ. ಪರಿಹಾರವಾದರೋ ಪಹಣಿಯ ಹೆಸರನ್ನು ಹುಡುಕಿಕೊಂಡು ಹೋಗುವುದು.

ಬೇರೆ ದಾರಿಯಿಲ್ಲವೆ? ನಮ್ಮ ಹಳ್ಳಿಗಳಲ್ಲಿಯೇ ಉಂಟು. ಸಹಕಾರ ಸಂಘದ ಡೈರಿಗೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರವು 2008ರಿಂದ ಪ್ರೋತ್ಸಾಹಧನ ಕೊಡುತ್ತಿದೆ. ಲೀಟರಿಗೆ 2 ರೂಪಾಯಿಯಿಂದ ಮೊದಲಾದುದು 5 ರೂಪಾಯಿಗೆ ಏರಿದೆ. ಇಲ್ಲಿ ಪಹಣಿಯನ್ನು ಕೇಳುವವರಿಲ್ಲ, ಅಳೆಯುವುದು ಹಾಲನ್ನು. ಒಂದು ಗುಂಟೆಯೂ ಇಲ್ಲದ ಹೆಂಗಸು ಒಂದು ಹಸು ಕಟ್ಟಿಕೊಂಡಿದ್ದರೆ ಸಾಕು, ಅವಳ ಪಾಲು ಅವಳಿಗೆ. ಬೇಸಾಯದಲ್ಲಿಯೂ ಇಂತಹ ಯತ್ನ ನಡೆದಿದೆ: ಒಡಿಶಾ ಸರ್ಕಾರವು 2018ರ ಕೊನೆಯಲ್ಲಿ ಸಾರಿದ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಮಾಡುವವರನ್ನೂ ಭೂಮಿಯಿಲ್ಲದ ಕುಟುಂಬಗಳನ್ನೂ ಸೇರಿಸಿತು.

ದಾಖಲೆ ಬೇಡವೆಂದು ನಾವು ಹೇಳುತ್ತಿಲ್ಲ. ದಾಖಲೆಯಿಲ್ಲದಿದ್ದರೆ ಕಳ್ಳರಿಗೆ ಹಬ್ಬ. ಒಡೆತನಕ್ಕೆ ಒಂದು ದಾಖಲೆ, ಆ ವರ್ಷ ಉತ್ತವನಿಗೆ ಇನ್ನೊಂದು; ಎರಡನೆಯದರಿಂದ ಒಡೆತನಕ್ಕೆ ಭಂಗವಿಲ್ಲವೆಂಬ ಕಾನೂನಿನ ಅಭಯ. ಇಷ್ಟಾದರೆ ಇಬ್ಬರ ಭಯವೂ ತಗ್ಗೀತು.

ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರ ಮನೆತನಕ್ಕೆ ಊರಿನಲ್ಲಿ ತುಂಡು ಹೊಲವುಂಟು, ಉಳುವವರು ಬೇರೊಬ್ಬರು. ಕಾನೂನು ತಿದ್ದುವವರೆಗೆ ನಾವು ಕಾಯಬೇಕಾದುದಿಲ್ಲ. ಮುಂದಿನ ಬರಪರಿಹಾರ ನಮ್ಮವರ ಖಾತೆಗೆ ಬಂದಾಗ, ಆ ವರ್ಷ ಬಿತ್ತಿದವರು ಯಾರೆಂದು ಕೇಳಿ ಅವರ ಪಾಲನ್ನು ಅವರಿಗೆ ಮುಟ್ಟಿಸುವುದು ನಮ್ಮ ಕೈಯಲ್ಲಿಯೇ ಇದೆ.