ಬಡಿದ ರೊಟ್ಟಿ, ಬರೆದ ಲೆಕ್ಕ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಬೆಳಗು ಮೊದಲು ಗೊತ್ತಾಗುವುದು ಕಿವಿಗೆ. ಹಾಲಿನವನು ಬರುವ ಮುಂಚೆ, ನಳಕ್ಕೆ ನೀರು ಬಿಟ್ಟ ಸುದ್ದಿ ಮನೆಯಿಂದ ಮನೆಗೆ ದಾಟುವ ಮುಂಚೆ, ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಮನೆಮಂದಿಯ ಪಾಲಿನ ರೊಟ್ಟಿಯಾದರೆ ಅರ್ಧ ತಾಸಿಗೆ ಸದ್ದು ನಿಲ್ಲುತ್ತದೆ. ಬಿಸಿಲು ಗೋಡೆ ಇಳಿದು ಅಂಗಳಕ್ಕೆ ಬಂದರೂ ನಿಲ್ಲಲಿಲ್ಲ ಎಂದರೆ ಆ ಮನೆಯಲ್ಲಿ ರೊಟ್ಟಿ ಮಾರುತ್ತಾರೆ ಎಂದೇ ತಿಳಿಯಬೇಕು.

ಅಂಥ ಒಂದು ಮನೆ. ಬಾಡಿಗೆಯ ಎರಡು ಕೋಣೆ, ಹಿತ್ತಲಲ್ಲಿ ತಗಡು ಹೊದಿಸಿದ ಒಂದಿಷ್ಟು ಜಾಗ. ಒಲೆ ಅಲ್ಲಿಯೇ, ಅಂಗಡಿ ಅಲ್ಲಿಯೇ. ಒಲೆಯ ಮುಂದೆ ಕುಳಿತವಳಿಗೆ ಮೂವತ್ತನಾಲ್ಕು ವರ್ಷ. ಒಳಗಿನ ಕೋಣೆಯಲ್ಲಿ ಏಳನೇ ಇಯತ್ತೆಯ ಮಗಳು ಇನ್ನೂ ಮಲಗಿದ್ದಾಳೆ. ಗದಗ ಜಿಲ್ಲೆಯ ಗಂಡನ ಮನೆ ಬಿಟ್ಟು ಬರುವಾಗ ಆಕೆ ತಂದದ್ದು ಒಂದು ಬ್ಯಾಗು, ಮಗಳ ಶಾಲೆಯ ದಾಖಲೆ, ಕಿವಿಯ ಬೆಂಡೋಲೆ. ತವರಿನಲ್ಲಿ ಅಣ್ಣನ ಸಂಸಾರ ದೊಡ್ಡದು. ವೈನಿ ಒಂದು ದಿನವೂ ಕೆಟ್ಟ ಮಾತಾಡಲಿಲ್ಲ. ಆದರೂ ಎರಡು ಹೊಟ್ಟೆ ಹೆಚ್ಚಾದ ಮನೆಯಲ್ಲಿ ಅಕ್ಕಿಯ ಡಬ್ಬಿ ಬೇಗ ತಳ ಕಾಣುವುದು ಆಕೆಗೆ ಗೊತ್ತಾಗದೆ ಇರಲಿಲ್ಲ. ಬೆಂಡೋಲೆ ಅಡವಿಟ್ಟು ಮನೆಯ ಡಿಪಾಸಿಟ್ ಕಟ್ಟಿದಳು. ಉಳಿದದ್ದರಲ್ಲಿ ಜೋಳ ತಂದಳು.

ಜೋಳ ಎಂದರೆ ಮಾಲದಂಡಿ. ವಿಜಯಪುರದ ಕಡೆಯಿಂದ ಬರುವ ಹಿಂಗಾರಿ ಬೆಳೆಯ ಬಿಳಿಜೋಳ. ಆಕೆ ಹಿಟ್ಟು ಕೂಡಿಡುವುದಿಲ್ಲ, ಎರಡು ದಿನಕ್ಕೊಮ್ಮೆ ಗಿರಣಿಗೆ ಹೋಗುತ್ತಾಳೆ. ಕಾರಣ ಹಿಟ್ಟಿನ ಗುಣದಲ್ಲಿದೆ. ಗೋಧಿಯಲ್ಲಿ ಗ್ಲುಟೆನ್ ಇರುವುದರಿಂದ ತಣ್ಣೀರಿಗೂ ಹಿಟ್ಟು ಒಂದಾಗುತ್ತದೆ. ಜೋಳದಲ್ಲಿ ಅದಿಲ್ಲ. ಕುದಿವ ನೀರು ಬಿದ್ದು ಪಿಷ್ಟ ಬೆಂದಾಗ ಹುಟ್ಟುವ ಜಿಗಿಯಿಂದಲೇ ರೊಟ್ಟಿ ನಿಲ್ಲಬೇಕು. ಹಳೇ ಹಿಟ್ಟಿಗೆ ಜಿಗಿ ಸಾಲದು, ಬಡಿಯುವಾಗ ಅಂಚು ಬಿರಿಯುತ್ತದೆ. ಹಿಟ್ಟಿನ ನಡುವೆ ಗುಳಿ ಮಾಡಿ ಎಸರು ಸುರಿಯುತ್ತಾಳೆ. ಉಗಿ ಮುಖಕ್ಕೆ ಹೊಡೆಯುತ್ತದೆ. ಕೈ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾಳೆ. ಮುದ್ದೆ ಹಲಗೆಯ ಮೇಲೆ ಬಂದ ಮೇಲೆ ಬಲಗೈ ಬಡಿಯುತ್ತ ಹೋಗುತ್ತದೆ, ಎಡಗೈ ಅಂಚನ್ನು ಕಾಯುತ್ತ ರೊಟ್ಟಿಯನ್ನು ತಿರುಗಿಸುತ್ತದೆ. ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಿ, ಮಗುಚಿ, ಕೊನೆಗೆ ಕೆಂಡದ ಮಗ್ಗುಲಿಗೆ ನಿಲ್ಲಿಸಿದರೆ ಉಬ್ಬುತ್ತದೆ. ಅದು ಬಿಸಿರೊಟ್ಟಿ. ಕಡಕ್ ಆಗಬೇಕಾದರೆ ಕೆಲಸ ಇನ್ನೂ ಇದೆ. ಇನ್ನಷ್ಟು ತೆಳ್ಳಗೆ ಬಡಿಯಬೇಕು, ಬೇಕೆಂದವರಿಗೆ ಎಳ್ಳು ಹಚ್ಚಬೇಕು, ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ನೀರಿನಂಶವನ್ನೆಲ್ಲ ಕಳೆಯಬೇಕು. ಒಲೆಯ ಸುತ್ತ ಸಾಲಾಗಿ ಒರಗಿಸಿಟ್ಟ ರೊಟ್ಟಿಗಳು ಹೊತ್ತೇರುತ್ತಿದ್ದಂತೆ ತಾವೇ ಬಾಗಿ ಗಟ್ಟಿಯಾಗುತ್ತವೆ. ಚೆನ್ನಾಗಿ ಒಣಗಿದ್ದರೆ ತಿಂಗಳಾದರೂ ಕೆಡುವುದಿಲ್ಲ. ಮನೆಯಿಂದ ವ್ಯಾಪಾರ ಮಾಡುವವಳಿಗೆ ಇದು ದೊಡ್ಡ ಆಸರೆ. ಇವತ್ತು ಮಾರದ್ದು ನಾಳೆ ಮಾರಬಹುದು.

ರೊಟ್ಟಿ ಬಡಿಯುವುದು ಆಕೆಗೆ ಹೊಸದಲ್ಲ. ಹತ್ತನೇ ವಯಸ್ಸಿನಿಂದ ಬಡಿದಿದ್ದಾಳೆ, ಗಂಡನ ಮನೆಯಲ್ಲಿ ಎಂಟು ಮಂದಿಗೆ ಎರಡು ಹೊತ್ತು ಬಡಿದಿದ್ದಾಳೆ. ಅದಕ್ಕೆ ರೊಕ್ಕ ಕೇಳುವುದು ಮಾತ್ರ ಹೊಸದು.

“ಮೊದಲ ತಿಂಗಳ ನಾಲಿಗಿ ಏಳ್ತಿದ್ದಿಲ್ಲರಿ. ಬಾಜೂ ಮನಿ ಅಕ್ಕಾರು ಇಪ್ಪತ್ತ ರೊಟ್ಟಿ ಒಯ್ದ್ರು. ರೊಕ್ಕ ಎಷ್ಟ ಅಂದ್ರು. ನೀವ ತಿಳದಷ್ಟ ಕೊಡ್ರಿ ಅಂದ್ಯಾ. ಅವರು ತಿಳದಷ್ಟು ಕೊಟ್ರು,” ಎಂದು ಹೇಳಿ ಸುಮ್ಮನಾದಳು. ಎಷ್ಟು ಕೊಟ್ಟರು ಎಂದು ಹೇಳಲಿಲ್ಲ.

ಗಂಡನಿಂದ ಬೇರೆಯಾದವಳ ಹಣದ ಚಿಂತೆಗೆ ಒಂದು ವಿಶೇಷ ಕಷ್ಟವಿದೆ. ಆಕೆ ಯಾವ ಕಾಗದದಲ್ಲೂ ಸರಿಯಾಗಿ ಕೂಡುವುದಿಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ವಿಚ್ಛೇದಿತರೆಂದು ಬರೆಸಿದವರು ಸುಮಾರು 13.6 ಲಕ್ಷ. ವಿಚ್ಛೇದನವಾಗದೆ ಬೇರೆ ಬದುಕುತ್ತಿದ್ದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಇಷ್ಟು ಜನ ಇದ್ದರೂ ಅರ್ಜಿ ನಮೂನೆಗಳು ಅವರನ್ನು ಎದುರಿಗಿಟ್ಟುಕೊಂಡು ತಯಾರಾದಂತೆ ಕಾಣುವುದಿಲ್ಲ. ರಾಜ್ಯದ ಮನಸ್ವಿನಿ ಪಿಂಚಣಿ ಇರುವುದು 40ರಿಂದ 64 ವರ್ಷದೊಳಗಿನ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ. ಈಕೆಗೆ ನಲವತ್ತಾಗಿಲ್ಲ, ವಿಚ್ಛೇದನದ ಆದೇಶವೂ ಕೈಯಲ್ಲಿಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ ಸಲ್ಲುತ್ತದೆ. ಆಕೆಯ ಹೆಸರು ಇನ್ನೂ ಅತ್ತೆಯ ಚೀಟಿಯಲ್ಲಿದೆ, ಯಜಮಾನಿ ಅತ್ತೆ. ಆಧಾರ್ ಅಲ್ಲಿಗೆ ಜೋಡಣೆಯಾಗಿರುವುದರಿಂದ ಅಲ್ಲಿಂದ ಹೆಸರು ತೆಗೆಸದೆ ಇಲ್ಲಿ ಹೊಸ ಚೀಟಿ ಆಗದು. ಹೆಸರು ತೆಗೆಸಲು ಆ ಊರಿಗೇ ಹೋಗಬೇಕು, ಆ ಮನೆಯವರ ಮುಖವನ್ನೇ ನೋಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಪುಣ್ಯಕ್ಕೆ ಬಸ್ಸಿನ ಖರ್ಚಿಲ್ಲ. ಆದರೆ ಒಂದು ದಿನದ ರೊಟ್ಟಿ ಹೋಗುತ್ತದೆ.

ಇದರ ಮೇಲೆ ಸಂಘದ ಸಾಲ. ಮದುವೆಯಲ್ಲಿದ್ದಾಗ ಗಂಡ ಬೈಕ್ ತೆಗೆದುಕೊಂಡದ್ದು ಆಕೆಯ ಹೆಸರಿನ ಸಾಲದಲ್ಲಿ. ಕಿರುಸಾಲ ಹೆಣ್ಣುಮಕ್ಕಳ ಹೆಸರಿಗೇ ಸಿಗುವುದರಿಂದ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಗುತ್ತದೆ, ಸಹಿ ಅವಳದು, ರೊಕ್ಕ ಅವನದು. ಬೈಕ್ ಗದಗಿನ ಕಡೆ ಓಡಾಡಿಕೊಂಡಿದೆ, ವಾರದ ಕಂತು ಹುಬ್ಬಳ್ಳಿಯ ಬಾಗಿಲಿಗೆ ಬರುತ್ತದೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದ ಮೇಲೆ ಬಾಗಿಲಲ್ಲಿ ದನಿ ಏರಿಸುವುದು ಕಡಿಮೆಯಾಗಿದೆ ಎನ್ನುತ್ತಾಳೆ. ಕಂತು ಕಡಿಮೆಯಾಗಿಲ್ಲ.

ಇನ್ನು ಆಕೆಯ ಲೆಕ್ಕದ ಪಟ್ಟಿ. ಮಗಳ ಹಿಂದಿನ ವರ್ಷದ ನೋಟುಬುಕ್ಕು, ಮೊದಲ ಹಾಳೆಗಳಲ್ಲಿ ಮಗಳ ಭಿನ್ನರಾಶಿಗಳಿವೆ, ಅವು ಮುಗಿದಲ್ಲಿಂದ ಅವ್ವನ ಅಕ್ಷರ. ಹಿಟ್ಟಿನ ಬೆರಳಚ್ಚು ಬಿದ್ದ ಒಂದು ಪುಟ ಹೀಗಿದೆ: ಜೋಳ ಐದು ಕಿಲೋ 275. ಗಿರಣಿ 30. ಕಟಗಿ 60. ಕವರ್ 10. ಒಟ್ಟು 375. ಐದು ಕಿಲೋಗೆ ಬಂದ ರೊಟ್ಟಿ ನೂರು. ಖಾನಾವಳಿಗೆ ಆರು ರೂಪಾಯಿಯಂತೆ 600. ಕೆಳಗೆ ದುಂಡಗೆ ಸುತ್ತು ಹಾಕಿ ‘ಲಾಭ 225’ ಎಂದು ಬರೆದಿದ್ದಾಳೆ.

ಆ 225ರ ಮೇಲೆ ನನ್ನ ಕಣ್ಣು ನಿಂತಿತು. ಜೋಳ ಹಸನು ಮಾಡಿ, ಗಿರಣಿಯಲ್ಲಿ ಪಾಳಿ ಹಚ್ಚಿ, ನಸುಕಿನಲ್ಲೆದ್ದು ನೂರು ರೊಟ್ಟಿ ಬಡಿದು, ಬೇಯಿಸಿ, ಒಣಗಿಸಿ, ಬುಟ್ಟಿಗೆ ಜೋಡಿಸಿ ಖಾನಾವಳಿಯ ಹುಡುಗನ ಕೈಗೆ ಕೊಡುವುದು ಒಂದಿಡೀ ದಿನದ ಕೆಲಸ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಮಣ್ಣು ಹೊತ್ತವಳಿಗೆ ಸರ್ಕಾರ ಕಟ್ಟಿದ ಬೆಲೆಗಿಂತ ಈಕೆ ತನಗೆ ತಾನೇ ಕಟ್ಟಿಕೊಂಡ ಬೆಲೆ 145 ರೂಪಾಯಿ ಕಡಿಮೆ, ಅದನ್ನೇ ಲಾಭವೆಂದು ಸುತ್ತು ಹಾಕಿದ್ದಾಳೆ. ಮನೆಯಿಂದ ಶುರುವಾಗುವ ಬಹುತೇಕ ಉದ್ಯೋಗಗಳು ಸೊರಗುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ. ಹಪ್ಪಳದವಳು, ಬ್ಲೌಸ್ ಹೊಲಿಯುವವಳು, ಟಿಫಿನ್ ಕಟ್ಟುವವಳು ಎಲ್ಲರೂ ಸಾಮಾನಿನ ಖರ್ಚು ಬರೆಯುತ್ತಾರೆ, ಕೈಯ ಕೂಲಿ ಬರೆಯುವುದಿಲ್ಲ. ಹದಿನಾಲ್ಕು ವರ್ಷ ಸಂಸಾರದಲ್ಲಿ ಲೆಕ್ಕಕ್ಕೆ ಬಾರದೆ ದುಡಿದ ಕೈ, ವ್ಯಾಪಾರಕ್ಕೆ ಬಂದಾಗಲೂ ತನ್ನನ್ನು ಲೆಕ್ಕದ ಹೊರಗೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಹೆಣ್ಣುಮಕ್ಕಳನ್ನು ದೂರುವುದು ಅನ್ಯಾಯ. ಯಾವ ಮನೆಯೂ ಅವರಿಗೆ ಬೇರೆ ಲೆಕ್ಕ ಕಲಿಸಲಿಲ್ಲ.

ಈ ಪಟ್ಟಿಗೆ ಹೊಸ ಕಾಲಂ ಬಂದದ್ದು ಕೋರ್ಟಿನ ದೆಸೆಯಿಂದ. ಜೀವನಾಂಶದ ಅರ್ಜಿ ಹಾಕಿದ್ದಾಳೆ. ಹಿಂದೆ ಸಿಆರ್‌ಪಿಸಿ 125 ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸ್ ಮುಟ್ಟಿದ 60 ದಿನಗಳಲ್ಲಿ, ಸಾಧ್ಯವಾದಷ್ಟೂ, ಮುಗಿಸಬೇಕೆಂದು ಅದರಲ್ಲಿದೆ. ಆ ‘ಸಾಧ್ಯವಾದಷ್ಟೂ’ ಎಂಬುದರಲ್ಲಿ ಈಕೆಯ ತಾರೀಖುಗಳು ಒಂದರ ಹಿಂದೊಂದು ಹೋಗುತ್ತಿವೆ. ಓಣಿಯವರೆಲ್ಲ ಹೆದರಿಸಿದ್ದರು: “ರೊಟ್ಟಿ ಮಾರೂದ ನಿಲ್ಲಸವಾ, ದುಡೀತಾಳ ಅಂತ ಗೊತ್ತಾದ್ರ ಒಂದ ಪೈಸಾನೂ ಬರೂದಿಲ್ಲ.” ವಾರದ ಮಟ್ಟಿಗೆ ಒಲೆ ಆರಿಸಿಯೂ ಇದ್ದಳು. ಉಚಿತ ಕಾನೂನು ನೆರವಿನ ವಕೀಲರು ತಿಳಿಸಿ ಹೇಳಿದ ಮೇಲೆ ಮತ್ತೆ ಹಚ್ಚಿದಳು. ಹೆಂಡತಿ ಒಂದಿಷ್ಟು ಗಳಿಸುತ್ತಾಳೆ ಎಂದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಇನ್ನೂ ಎರಡು ವಿಷಯ ಗಟ್ಟಿ ಮಾಡಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು, ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು.

ಪ್ರಮಾಣಪತ್ರ ಬರೆಸಲು ಹೋದಾಗ ವಕೀಲರು ಕೇಳಿದ್ದು ಒಂದೇ, ದಿನಕ್ಕೆ ಎಷ್ಟು ಬರುತ್ತದೆ? ಈಕೆ ಆರುನೂರು ಎಂದಳು. ತಿಂಗಳಿಗೆ 18,000. ಕಾಗದದಲ್ಲಿ ಅದು ಬಿದ್ದಿದ್ದರೆ ಎದುರಿನವರಿಗೆ ಅಷ್ಟೇ ಸಾಕಿತ್ತು. ಪಟ್ಟಿ ಬಿಚ್ಚಿ ಸಾಲು ಸಾಲು ಓದಿದಾಗ ಜೋಳ, ಗಿರಣಿ, ಕಟ್ಟಿಗೆ ಕಳೆದು ಉಳಿಯುವುದು ಕಂಡಿತು. ಖಾನಾವಳಿಗೆ ರಜೆಯಿರುವ ಸೋಮವಾರಗಳು, ಮಳೆಗೆ ಕಟ್ಟಿಗೆ ಹಸಿಯಾದ ದಿನಗಳು, ಮಗಳಿಗೆ ಜ್ವರ ಬಂದು ಹಿಟ್ಟು ಹಾಳಾದ ದಿನ, ಎಲ್ಲವೂ ಅದರಲ್ಲಿದ್ದವು. ಅಂದಿನಿಂದ ಪ್ರತಿ ಪುಟದ ಬಲಕ್ಕೆ ಗೆರೆ ಎಳೆದು ‘ನನ್ನ ಪಗಾರ’ ಎಂದು ಬರೆಯುತ್ತಾಳೆ. ಪಗಾರ ಬರೆದ ಮೇಲೆ ಎಷ್ಟೋ ದಿನ ಕೆಳಗಿನ ಅಂಕಿಗೆ ಮೈನಸ್ ಬೀಳುತ್ತದೆ. ಆ ಮೈನಸ್ ನೋಡಿಯೇ ಆಕೆ ದರ ಏರಿಸುವ ಯೋಚನೆಗೆ ಬಂದದ್ದು.

ದಾರಿಯೂ ಪಟ್ಟಿಯಲ್ಲೇ ಸಿಕ್ಕಿತು. ರೊಟ್ಟಿಗಿಂತ ಹಿಂಡಿಯಲ್ಲಿ ಹೆಚ್ಚು ಉಳಿಯುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮಧ್ಯಾಹ್ನ ಬಿಡುವಾದಾಗ ಕುಟ್ಟಬಹುದು, ನಸುಕಿನಲ್ಲಿ ಏಳಬೇಕಿಲ್ಲ, ಕೆಡುವ ಭಯವಿಲ್ಲ. ಹತ್ತು ಕಡಕ್ ರೊಟ್ಟಿಯ ಜತೆ ನೂರು ಗ್ರಾಂ ಹಿಂಡಿಯ ಪೊಟ್ಟಣ ಇಟ್ಟರೆ ಒಯ್ಯದವರಿಲ್ಲ. ಬೆಂಗಳೂರು, ಪುಣೆಯಲ್ಲಿ ಮಕ್ಕಳಿರುವ ಓಣಿಯ ತಾಯಂದಿರು ಇಂಥವನ್ನೇ ಹುಡುಕುತ್ತಾರೆ, ಅವರಿಗೆ ರೊಟ್ಟಿಗೆ ಎಂಟು ರೂಪಾಯಿ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ನೋಂದಣಿಯ ಹದಿನಾಲ್ಕು ಅಂಕಿಯ ಸಂಖ್ಯೆ, ತಯಾರಿಸಿದ ದಿನ, ಒಳಗೇನಿದೆ ಎಂಬುದು ಇರಬೇಕು. ಚಿಕ್ಕ ವ್ಯಾಪಾರಿಗೆ ಮೂಲ ನೋಂದಣಿಗೆ ಆಕೆ ಕಟ್ಟಿದ ಶುಲ್ಕ ವರ್ಷಕ್ಕೆ 100 ರೂಪಾಯಿ. ನೂರು ರೂಪಾಯಿಗಿಂತ ಕಷ್ಟವಾದದ್ದು ವಿಳಾಸದ ಪುರಾವೆ. ಮನೆ ಮಾಲೀಕರು ಬಾಡಿಗೆ ಕರಾರನ್ನು ಅಣ್ಣನ ಹೆಸರಿನಲ್ಲಿ ಮಾಡಿಸಿದ್ದರು, ಒಂಟಿ ಹೆಣ್ಣುಮಗಳ ಹೆಸರಿಗೆ ಕೊಡಲು ಹಿಂಜರಿದಿದ್ದರು. ಅದನ್ನು ತನ್ನ ಹೆಸರಿಗೆ ಬದಲಿಸಿಕೊಳ್ಳಲು ಅವರ ಮನೆಯಾಕೆಯ ಕಡೆಯಿಂದ ಹೇಳಿಸಬೇಕಾಯಿತು. ಮನೆಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಹಚ್ಚುವಂತಿಲ್ಲ, ಹಾಗಾಗಿ ಒಲೆ ಕಟ್ಟಿಗೆಯದೇ. ಹೊಗೆಗೆ ಕಣ್ಣು ಕೆಂಪಾಗಿಯೇ ಇರುತ್ತದೆ.

ಯಂತ್ರ ಕೊಳ್ಳಿರಿ ಎನ್ನುವವರಿದ್ದಾರೆ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದ ಸಹಾಯಧನ ಶೇ 35, ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು ಶೇ 50ಕ್ಕೆ ಒಯ್ದಿತು. ಕಲಬುರಗಿಯಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕೊಟ್ಟು ಮಾರುಕಟ್ಟೆ ಮಾಡಿಕೊಟ್ಟ ಸುದ್ದಿ ಆಕೆಗೂ ಗೊತ್ತು, ಮೊಬೈಲಿನಲ್ಲಿ ನೋಡಿದ್ದಾಳೆ. ಆದರೆ ಸಹಾಯಧನ ಸಾಲದ ಬೆನ್ನಿಗೆ ಬರುವಂಥದ್ದು, ಸಾಲಕ್ಕೆ ಬ್ಯಾಂಕು ಹಳೆಯ ಬಾಕಿ ನೋಡುತ್ತದೆ. ಬೈಕಿನ ಕಂತು ಅಲ್ಲಿಯೂ ಅಡ್ಡ ನಿಂತಿದೆ. “ಅದು ಮುಗೀಲಿರಿ ಮೊದ್ಲ. ಆಮ್ಯಾಲೆ ಮಷೀನ್ ಮಾತು,” ಎನ್ನುತ್ತಾಳೆ. ನನಗೂ ಅದೇ ಸರಿಯೆನಿಸಿತು. ಸಾಲ ಹತ್ತಿದ ಬಾಗಿಲಿಗೆ ಇನ್ನೊಂದು ಸಾಲ ತರುವುದನ್ನು ಸ್ವಾವಲಂಬನೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಹತ್ತೂವರೆಗೆ ಖಾನಾವಳಿಯ ಹುಡುಗನ ಬದಲು ಮಾಲೀಕರೇ ಸ್ಕೂಟರಿನಲ್ಲಿ ಬಂದರು. ವಯಸ್ಸಾದವರು, ಹಣೆಗೆ ವಿಭೂತಿ. ಬುಟ್ಟಿಯ ಮೇಲಿನ ಅರಿವೆ ಸರಿಸಿ ಒಂದು ರೊಟ್ಟಿ ಮುರಿದು ನೋಡಿದರು.

“ಕಾಕಾರ, ಒಂದನೇ ತಾರೀಖಿನಿಂದ ಏಳು ರೂಪಾಯಿ ಆಗ್ತೈತ್ರಿ.”

“ಏಕ್‌ದಮ್ ಏಳು? ಗಿರಾಕಿಗೆ ನಾ ಏನ್ ಹೇಳ್ಲವಾ ತಂಗಿ?”

ಆಕೆ ಪಟ್ಟಿ ತಂದು ಅವರ ಮುಂದೆ ಬಿಚ್ಚಿಟ್ಟಳು. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಬಲಗಡೆಯ ಕಾಲಮಿಗೆ ಬಂದು ಬೆರಳು ನಿಲ್ಲಿಸಿ, “ಇದೇನಿದು, ಪಗಾರ?” ಎಂದರು.

“ನಂದರಿ. ನಿಮ್ಮ ಅಡಿಗಿಯವರಿಗೆ ನೀವು ಕೊಡೂದಿಲ್ಲೇನ್ರಿ, ಹಂಗ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆರೂವರೆ ಎಂದರು. ಆಕೆ ತಲೆ ಅಲ್ಲಾಡಿಸಿದಳು. ಬಿಸಿರೊಟ್ಟಿಗೆ ಏಳು, ಕಡಕ್ ರೊಟ್ಟಿಗೆ ಆರೂವರೆ, ಎಳ್ಳು ಹಚ್ಚಿದ್ದಾದರೆ ಅದಕ್ಕೂ ಏಳು ಎಂದು ಮಾತು ತೀರ್ಮಾನವಾಯಿತು. ರೊಕ್ಕ ವಾರಕ್ಕೊಮ್ಮೆ ತಪ್ಪದೆ ಶನಿವಾರ. ಸೋಮವಾರದ ರಜೆಯ ಮರುದಿನ ಆಕೆಗೆ ಕೋರ್ಟಿನ ತಾರೀಖು ಇದೆ. ಮಂಗಳವಾರ ಬಿಸಿರೊಟ್ಟಿ ಇರುವುದಿಲ್ಲ, ಕಡಕ್ ರೊಟ್ಟಿ ಭಾನುವಾರವೇ ಒಯ್ಯಬೇಕೆಂದು ಹೇಳಿದಳು. ಅವರು ಹೂಂ ಎಂದು ಸ್ಕೂಟರ್ ತಿರುಗಿಸಿದರು. ಆಕೆ ಪೆನ್ನಿಗಾಗಿ ಮಗಳ ಕಂಪಾಸು ಡಬ್ಬಿ ಹುಡುಕತೊಡಗಿದಳು, ಹೊಸ ದರ ಬರೆಯಬೇಕಿತ್ತು.