ನವಜಾತ ಶಿಶುವಿನ ಡೆಂಗ್ಯೂ

ಹೆರಿಗೆಯ ಆಸುಪಾಸಿನಲ್ಲಿ ಡೆಂಗ್ಯೂ ಸೋಂಕಿಗೆ ಒಳಗಾದ ತಾಯಿಯಿಂದ ಮಗುವಿಗೆ ಬರುವ ಜ್ವರವನ್ನು ನವಜಾತ ಶಿಶುವಿನ ಡೆಂಗ್ಯೂ ಎನ್ನುತ್ತಾರೆ. ಡೆಂಗ್ಯೂ ವೈರಾಣು ಸಾಮಾನ್ಯವಾಗಿ ಈಡಿಸ್ ಸೊಳ್ಳೆಯ ಕಡಿತದಿಂದ ಹರಡುತ್ತದೆ. ಇಲ್ಲಿ ಮಾತ್ರ ಅದು ತಾಯಿಯ ರಕ್ತದಿಂದ ಜರಾಯುವಿನ (ಮಾಸು) ಮೂಲಕ ಅಥವಾ ಹೆರಿಗೆಯ ವೇಳೆ ಶಿಶುವನ್ನು ಸೇರುತ್ತದೆ.

ತಾಯಿಗೆ ಜ್ವರ ಬಂದದ್ದು ಯಾವಾಗ ಎಂಬುದು ಬಹು ಮುಖ್ಯ. ಗರ್ಭಾವಸ್ಥೆಯಲ್ಲಿ ಮೊದಲೇ ಸೋಂಕು ತಗುಲಿ ಗುಣವಾಗಿದ್ದರೆ ಆಕೆಯ ಐಜಿಜಿ ಪ್ರತಿಕಾಯಗಳು ಭ್ರೂಣಕ್ಕೂ ದಾಟಿರುತ್ತವೆ. ಜ್ವರ ಬಂದ ಕೆಲವೇ ದಿನಗಳಲ್ಲಿ ಹೆರಿಗೆಯಾದರೆ ಮಗುವಿಗೆ ವೈರಾಣು ದೊರೆಯುತ್ತದೆ, ರಕ್ಷಣೆ ದೊರೆಯುವುದಿಲ್ಲ. ಫ್ರೆಂಚ್ ಗಯಾನಾದಲ್ಲಿ 2012-13ರ ಸಾಂಕ್ರಾಮಿಕದ ವೇಳೆ ಸೋಂಕಿತ 54 ಗರ್ಭಿಣಿಯರನ್ನು ಅಧ್ಯಯನಕ್ಕೆ ಒಳಪಡಿಸಿದಾಗ ಸುಮಾರು ಐದರಲ್ಲೊಂದು ಪ್ರಕರಣದಲ್ಲಿ ಸೋಂಕು ದಾಟಿದ್ದು ಕಂಡುಬಂದಿತು. ಮೂರು ಶಿಶುಗಳಿಗೆ ಪ್ಲೇಟ್‌ಲೆಟ್ ನೀಡಬೇಕಾಯಿತು.

ಹುಟ್ಟುವಾಗ ಮಗು ಆರೋಗ್ಯವಾಗಿಯೇ ಕಾಣಬಹುದು. ಸಾಮಾನ್ಯವಾಗಿ ಮೊದಲ ವಾರದಲ್ಲಿ, ಹಲವು ವೇಳೆ ನಾಲ್ಕನೆಯ ದಿನದ ಸುಮಾರಿಗೆ, ಜ್ವರ, ಚರ್ಮದ ಮೇಲೆ ಕೆಂಪು ಚುಕ್ಕೆಗಳು ಮತ್ತು ಯಕೃತ್ತಿನ ಊತ ಕಾಣಿಸಿಕೊಂಡು ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ಅಷ್ಟರಲ್ಲಿ ತಾಯಿ-ಮಗು ಮನೆಗೆ ಮರಳಿರುವುದೂ ಉಂಟು. ಈ ಲಕ್ಷಣಗಳು ಬ್ಯಾಕ್ಟೀರಿಯಾದಿಂದಾಗುವ ರಕ್ತನಂಜನ್ನು ಹೋಲುವುದರಿಂದ, ತಾಯಿಗೆ ಇತ್ತೀಚೆಗೆ ಜ್ವರವಿತ್ತೇ ಎಂದು ವಿಚಾರಿಸದಿದ್ದರೆ ರೋಗಪತ್ತೆ ತಪ್ಪುತ್ತದೆ. ಎನ್‌ಎಸ್1, ಆರ್‌ಟಿ-ಪಿಸಿಆರ್ ಅಥವಾ ಐಜಿಎಂ ಪರೀಕ್ಷೆಯಿಂದ ಸೋಂಕು ತಿಳಿಯುತ್ತದೆ. ಶಿಶುವಿನ ರಕ್ತದಲ್ಲಿರುವ ಐಜಿಜಿ ತಾಯಿಯದೇ ಆಗಿರಬಹುದಾದ್ದರಿಂದ ಅದೊಂದೇ ಸಾಕ್ಷ್ಯವಾಗದು.

ವೈರಾಣುವನ್ನೇ ನಾಶಮಾಡುವ ನಿರ್ದಿಷ್ಟ ಔಷಧವಿಲ್ಲ. ದ್ರವಾಂಶದ ಎಚ್ಚರಿಕೆಯ ನಿರ್ವಹಣೆ ಹಾಗೂ ರಕ್ತಸ್ರಾವದ ನಿಗಾ ಚಿಕಿತ್ಸೆಯ ಮುಖ್ಯ ಭಾಗ. ಎದೆಹಾಲಿನಲ್ಲಿಯೂ ವೈರಾಣು ಪತ್ತೆಯಾಗಿದೆ; ಆದರೂ ಸ್ತನ್ಯಪಾನದ ಪ್ರಯೋಜನ ಹೆಚ್ಚಿನದಾದ್ದರಿಂದ ಅದನ್ನು ನಿಲ್ಲಿಸುವಂತೆ ಸೂಚಿಸುವುದಿಲ್ಲ.