ಖಾಲಿ ಅಂಗಡಿಯಲ್ಲೂ 30 ಕೆಜಿ ಗಾಳಿ: ರಾತ್ರಿ ಶಟರ್ ಎಳೆಯೋ ಮುಂಚೆ ಇದು ಗೊತ್ತಿರಲಿ

ಪುಲಿಕೇಶಿನಗರ: ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಮಳಿಗೆ. ಒಳಗೆ ಒಂದು ಸಾಮಾನೂ ಇಲ್ಲ. ಆದ್ರೂ ಅದರಲ್ಲಿ ಸುಮಾರು 30 ಕೆಜಿ ಗಾಳಿ ಇದೆ. 25 ಕೆಜಿ ಅಕ್ಕಿ ಮೂಟೆಗಿಂತ ಜಾಸ್ತಿ!

ಗಾಳಿಗೂ ತೂಕ ಇದೆ ಅನ್ನೋದು ಬರೀ ಶಾಲೆ ಪಾಠ ಅಲ್ಲ. ಮಾಸ್ಕ್ ರಸ್ತೆ, ಕೋಲ್ಸ್ ರಸ್ತೆ ಕಡೆ ಗ್ಯಾಸ್ ಸಿಲಿಂಡರ್, ಇದ್ದಿಲ ಒಲೆ ಇಟ್ಟುಕೊಂಡು ವ್ಯಾಪಾರ ಮಾಡೋ ಹೋಟೆಲ್, ಕಬಾಬ್ ಅಂಗಡಿಯವರಿಗೆ ಇದು ಜೀವದ ಪ್ರಶ್ನೆ.

ಪುರಿ ಮೂಟೆ, ಸಕ್ಕರೆ ಮೂಟೆ

ಒಂದೇ ಅಳತೆಯ ಎರಡು ಚೀಲ ತಗೊಳ್ಳಿ. ಒಂದಕ್ಕೆ ಕಡ್ಲೆಪುರಿ ತುಂಬಿಸಿ, ಇನ್ನೊಂದಕ್ಕೆ ಸಕ್ಕರೆ. ಪುರಿ ಚೀಲವನ್ನ ಒಂದೇ ಕೈಯಲ್ಲಿ ಎತ್ತಬಹುದು, ಸಕ್ಕರೆ ಚೀಲಕ್ಕೆ ಇಬ್ಬರು ಬೇಕು. ಚೀಲದಲ್ಲಿರುವ ವಸ್ತು ಎಷ್ಟು ಕೆಜಿ ಅನ್ನೋದು ದ್ರವ್ಯರಾಶಿ. ಅಷ್ಟೇ ಜಾಗದಲ್ಲಿ ಎಷ್ಟು ಕೆಜಿ ಹಿಡಿದಿದೆ ಅನ್ನೋದು ಸಾಂದ್ರತೆ.

ಗಾಳಿಗೂ ಇದೇ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಹಾಗಾಗಿ ಮಂಗಳೂರಿಗಿಂತ ಇಲ್ಲಿನ ಗಾಳಿ ನೂರಕ್ಕೆ ಸುಮಾರು ಹತ್ತರಷ್ಟು ತೆಳು. ಅದೇ ಅಳತೆಯ ಅಂಗಡಿ ಮಂಗಳೂರಲ್ಲಿದ್ದರೆ ಒಳಗೆ ಸುಮಾರು 33 ಕೆಜಿ ಗಾಳಿ ಇರುತ್ತೆ.

ಸಿಲಿಂಡರ್ ಗ್ಯಾಸ್ ನೆಲ ಹಿಡಿಯುತ್ತೆ

ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿ, ಚರಂಡಿ, ನೆಲಮಾಳಿಗೆಯಂಥ ತಗ್ಗು ಜಾಗದಲ್ಲಿ ನಿಲ್ಲುತ್ತೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಸೇರಿದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತೆ. ಗೋಡೆ ಮೇಲ್ಗಡೆ ಕಿಂಡಿ ಇದ್ದರೆ ಸಾಲದು, ನೆಲದ ಮಟ್ಟದಲ್ಲೂ ಗಾಳಿ ಹೋಗೋಕೆ ದಾರಿ ಬೇಕು. ಪೈಪ್‌ನಲ್ಲಿ ಬರೋ ಗ್ಯಾಸ್ ಇದಕ್ಕೆ ಉಲ್ಟಾ. ಅದರಲ್ಲಿರೋದು ಮುಖ್ಯವಾಗಿ ಮೀಥೇನ್. ಗಾಳಿಗಿಂತ ಹಗುರ, ಸೀದಾ ಛಾವಣಿಗೆ ಏರುತ್ತೆ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲ್‌ನಲ್ಲಿ ಸೋರಿದ ವಿಷಾನಿಲವೂ ಗಾಳಿಗಿಂತ ಭಾರ. ಅದಕ್ಕೇ ಆಕಾಶಕ್ಕೆ ಏರದೆ ನೆಲದ ಮಟ್ಟದಲ್ಲೇ ಹರಿದು, ಮಲಗಿದ್ದವರ ಮನೆಗಳಿಗೆ ನುಗ್ಗಿತು.

ಉಸಿರು ಒಳಗೆ ಹೋಗೋದು ಹೇಗೆ?

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗೋ ಶಕ್ತಿ ಇಲ್ಲ. ಎದೆಗೂಡಿನ ಕೆಳಗಿರುವ ವಪೆ ಅನ್ನೋ ಸ್ನಾಯು ಕೆಳಗೆ ಇಳಿಯುತ್ತೆ, ಪಕ್ಕೆಲುಬು ಅಗಲ ಆಗುತ್ತೆ. ಎದೆಯೊಳಗೆ ಜಾಗ ಹೆಚ್ಚಾಗಿ ಒತ್ತಡ ಕಮ್ಮಿಯಾದಾಗ ಹೊರಗಿನ ಗಾಳಿ ತಾನೇ ನುಗ್ಗುತ್ತೆ. ಒಂದು ಉಸಿರಿಗೆ ಅರ್ಧ ಲೀಟರ್, ನಿಮಿಷಕ್ಕೆ ಹದಿನೈದು ಉಸಿರು ಅಂತ ಲೆಕ್ಕ ಹಾಕಿದರೆ, ಸುಮ್ಮನೆ ಕೂತವರೂ ದಿನಕ್ಕೆ ಹತ್ತು ಕೆಜಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ.

ಆ ಗಾಳಿಯಲ್ಲಿ ಆಮ್ಲಜನಕ ಇರೋದು ನೂರಕ್ಕೆ 21 ಪಾಲು. ರಕ್ತದ ಹಿಮೋಗ್ಲೋಬಿನ್ ಅದನ್ನ ಹೊತ್ತುಕೊಂಡು ಮೈಗೆಲ್ಲ ತಲುಪಿಸುತ್ತೆ.

ಇದ್ದಿಲ ಒಲೆಯ ಮೋಸ

ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ನಿಂತ ಕೆಂಡದಿಂದಲೂ ಅದು ಬರ್ತಾನೇ ಇರುತ್ತೆ. ಇದರ ತೂಕ ಹೆಚ್ಚುಕಮ್ಮಿ ಗಾಳಿಯಷ್ಟೇ. ಅದಕ್ಕೇ ಮೇಲೂ ನಿಲ್ಲಲ್ಲ, ಕೆಳಗೂ ನಿಲ್ಲಲ್ಲ, ಇಡೀ ಕೋಣೆ ತುಂಬಿಕೊಳ್ಳುತ್ತೆ. ನೆಲದಲ್ಲಿ ಮಲಗಿದರೂ, ಅಟ್ಟದಲ್ಲಿ ಮಲಗಿದರೂ ತಪ್ಪಿದ್ದಲ್ಲ.

ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತೆ. ಹಾಗಾದ್ರೆ ಉಸಿರು ಕಟ್ಟಿ ಎಚ್ಚರ ಆಗಲ್ವಾ? ಆಗೋದು ಕಷ್ಟ. 'ಉಸಿರಾಡು' ಅಂತ ಮೆದುಳನ್ನ ಎಚ್ಚರಿಸೋದು ಮುಖ್ಯವಾಗಿ ರಕ್ತದಲ್ಲಿ ಸೇರುವ ಇಂಗಾಲದ ಡೈಆಕ್ಸೈಡ್. ಅದು ಎಂದಿನಂತೆ ಹೊರಗೆ ಹೋಗ್ತಾ ಇರುತ್ತೆ, ಹಾಗಾಗಿ ಉಸಿರು ಕಟ್ಟಿದ ಅನುಭವವೇ ಆಗಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಸೂಚನೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ನಂಬಬೇಡಿ, ಈ ವಿಷ ಸೇರಿದ ರಕ್ತಕ್ಕೂ ಅದು ಸರಿಯಾದ ಅಂಕಿಯನ್ನೇ ತೋರಿಸಬಹುದು.

ಏನು ಮಾಡಬೇಕು?

* ಡಿಸೆಂಬರ್, ಜನವರಿ ಚಳಿಗೆ ಅಂತ ಕೆಂಡ ಒಳಗಿಟ್ಟು ಶಟರ್ ಎಳೆದು ಮಲಗಬೇಡಿ, ಕೆಲಸದ ಹುಡುಗರನ್ನೂ ಮಲಗಿಸಬೇಡಿ. ಕೆಂಡಕ್ಕೆ ನೀರು ಹಾಕಿ ಪೂರ್ತಿ ಆರಿಸಿ, ಹೊರಗಿಡಿ.
* ಸಿಲಿಂಡರ್ ನೆಟ್ಟಗೆ ನಿಲ್ಲಿಸಿ. ನೆಲಮಾಳಿಗೆಯಲ್ಲಿ ಇಡಬೇಡಿ.
* ಗ್ಯಾಸ್ ವಾಸನೆ ಬಂದರೆ ಲೈಟು, ಫ್ಯಾನಿನ ಸ್ವಿಚ್ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ಬನ್ನಿ. ಎಲ್‌ಪಿಜಿ ಸೋರಿಕೆಗೆ 1906ಕ್ಕೆ ಕರೆ ಮಾಡಿ.
* ಕೆಂಡ ಇದ್ದ ಕೋಣೆಯಲ್ಲಿ ಯಾರಾದ್ರೂ ಎಚ್ಚರ ತಪ್ಪಿದ್ದರೆ ಮೊದಲು ಶಟರ್ ಪೂರ್ತಿ ಎತ್ತಿ, ಅವರನ್ನ ಹೊರಗಿನ ಗಾಳಿಗೆ ತನ್ನಿ. ಆಮೇಲೆ 108ಕ್ಕೆ ಕರೆ ಮಾಡಿ, ಕೆಂಡ ಉರೀತಿತ್ತು ಅನ್ನೋದನ್ನ ಡಾಕ್ಟರ್‌ಗೆ ಮರೀದೆ ಹೇಳಿ.